ಹಲಗೆ ಮಗುವಿನ ಹುಬ್ಬಿನ ಎತ್ತರಕ್ಕಿರಲಿ

ಸ್ವಲ್ಪ ಕೂತ್ಕೋ ಮಗಳೇ. ಮಗು ಶಾಲೆಯಲ್ಲಿ ಬರೆದ ಚಿತ್ರಗಳನ್ನ ಹಾಕೋಕೆ ಮನೆಯಲ್ಲೊಂದು ಹಲಗೆ ಬೇಕು ಅಂದೆ, ಬಹಳ ಸಂತೋಷ. ಆದರೆ ಎಂಟಡಿ ನಾಲ್ಕಡಿಯ ಇಡೀ ಪ್ಲೈವುಡ್ ಶೀಟೇ ತರಿಸ್ತೀನಿ, ಬಡಗಿಯನ್ನ ಕರೆಸಿ ಸುತ್ತ ಬೀಡಿಂಗ್ ಹೊಡೆಸ್ತೀನಿ, ಹಾಲ್‌ನಲ್ಲಿ ಟಿವಿ ಮೇಲ್ಗಡೆ ಹಾಕಿಸ್ತೀನಿ, ಎಲ್ಲ ಈ ಭಾನುವಾರದೊಳಗೇ ಆಗಬೇಕು ಅಂತೀಯಲ್ಲ, ಅಲ್ಲೇ ನಿನ್ನ ಆತುರ ಗೊತ್ತಾಗುತ್ತೆ. ನಿನ್ನ ಮನಸ್ಸು ಒಳ್ಳೇದು, ಕೈಯೂ ಚುರುಕು. ಕಣ್ಣು ಮಾತ್ರ ಇನ್ನೂ ಬಂದು ಹೋಗೋ ನೆಂಟರ ಮೇಲಿದೆ.

ಯಾರು ನೋಡಲಿ ಅಂತ ಆ ಹಲಗೆ? ಟಿವಿ ಮೇಲೆ ಆರಡಿ ಎತ್ತರಕ್ಕೆ ಹಾಕಿದರೆ ನೋಡೋರು ನಿನ್ನ ಗಂಡನ ಆಫೀಸಿನವರು, ನಿನ್ನ ಅತ್ತೆ ಮನೆಯವರು. ಬರೆದ ಮಗು ಒಂದು ಸಲ ಕತ್ತೆತ್ತಿ ನೋಡುತ್ತೆ, ಆಮೇಲೆ ಮರೆತೇಬಿಡುತ್ತೆ. ಹಲಗೆ ಮಗುವಿನದು ಕಣವ್ವ. ಅದರ ಕಣ್ಣಿಗೂ ಸಿಗಬೇಕು, ಕೈಗೂ ಎಟುಕಬೇಕು. ಇದೊಂದನ್ನ ನೆಟ್ಟಗೆ ಮಾಡು, ಉಳಿದದ್ದು ಸ್ವಲ್ಪ ಹೆಚ್ಚುಕಮ್ಮಿಯಾದರೂ ನಡೆಯುತ್ತೆ.

ಎತ್ತರ ಹೇಗೆ ಗೊತ್ತು ಮಾಡ್ತೀಯ? ಮಗುವನ್ನ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸು. ಹುಬ್ಬಿನ ಮಟ್ಟಕ್ಕೆ ಪೆನ್ಸಿಲಲ್ಲಿ ಸಣ್ಣಗೆ ಗೆರೆ ಎಳಿ. ಹಲಗೆಯ ನಡು ಆ ಗೆರೆಗೆ ಬರಬೇಕು. ಒಂದನೇ ಕ್ಲಾಸಿನ ಮಗುವಾದರೆ ಅದು ನೆಲದಿಂದ ಮೂರೂವರೆ ಅಡಿ ಆಸುಪಾಸು. ನಿನಗೆ ತೀರಾ ಕೆಳಗಾಯ್ತು ಅನ್ನಿಸುತ್ತೆ. ಅನ್ನಿಸಲಿ, ನೀನು ಬಗ್ಗಿ ನೋಡು. ನಿನ್ನ ಸೊಂಟ ಇನ್ನೂ ಗಟ್ಟಿಯಾಗೇ ಇದೆಯಲ್ಲ.

ಈ ಎತ್ತರದ ಮಾತು ನನಗೆ ಪುಸ್ತಕದಿಂದ ಬಂದದ್ದಲ್ಲ. ನಲಿ-ಕಲಿ ಕೋಣೆಯಲ್ಲಿ ಮಕ್ಕಳ ಜೊತೆ ನೆಲದ ಮೇಲೆ ಕೂತು ಪಾಠ ಮಾಡಿದವಳು ನಾನು. ಚಟುವಟಿಕೆಯ ಮೂಲಕ ಕಲಿಸೋ ಈ ನಲಿ-ಕಲಿ ಪದ್ಧತಿ ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. ಅಲ್ಲಿನ ಮೇಷ್ಟ್ರುಗಳು ಮದನಪಲ್ಲಿ ಹತ್ತಿರದ ರಿಷಿವ್ಯಾಲಿಗೆ ಹೋಗಿ, ಅಲ್ಲಿಯ ಹಳ್ಳಿಶಾಲೆಗಳನ್ನ ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ ನಮ್ಮ ಮಕ್ಕಳಿಗೆ ಒಗ್ಗೋ ಹಾಗೆ ಅದನ್ನ ಕಟ್ಟಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಶಾಲೆಗಳ ಒಂದು, ಎರಡನೇ ತರಗತಿಗೆಲ್ಲ ಬಂತು. ಆ ಕೋಣೆಯಲ್ಲಿ ಎರಡು ಏರ್ಪಾಡಿದ್ದವು. ಒಂದು ಚಪ್ಪರ. ತಲೆ ಮೇಲೆ ಅಡ್ಡ, ಉದ್ದ ದಾರ ಕಟ್ಟಿ ಮಕ್ಕಳು ಬರೆದದ್ದು, ಕತ್ತರಿಸಿದ್ದು, ಮಡಚಿದ್ದು ಎಲ್ಲ ಅದಕ್ಕೆ ನೇತುಹಾಕೋದು. ಇನ್ನೊಂದು, ಗೋಡೆಯ ಬುಡಕ್ಕೆ ಸುತ್ತ ಕಪ್ಪು ಬಳಿದು ಮಗುವಿಗೊಂದು ಪಾಲು ಅಂತ ಗೆರೆ ಹಾಕಿಕೊಡೋದು.

ಚಪ್ಪರಕ್ಕೆ ನೇತುಹಾಕಿದ ದಿನ ಎಲ್ಲರೂ ತಮ್ಮದು ಎಲ್ಲಿದೆ ಅಂತ ಮೇಲೆ ಹುಡುಕೋರು. ವಾರ ಕಳೆದರೆ ಆ ಕಡೆ ನೋಡೋರೇ ಇರ್ತಿರಲಿಲ್ಲ. ಬುಡದ ಗೋಡೆಯ ಕಥೆಯೇ ಬೇರೆ. ಎಂಟು ದಿನ ಬಾಯೇ ಬಿಡದ ಮಗುವೂ ಬೆಳಗ್ಗೆ ಬ್ಯಾಗು ಇಳಿಸಿದ ತಕ್ಷಣ ತನ್ನ ಪಾಲಿನ ಗೋಡೆಗೆ ಹೋಗಿ ಸೀಮೆಸುಣ್ಣ ಹಿಡೀತಿತ್ತು. ಪಕ್ಕದವನ ಕೈ ಗೆರೆ ದಾಟಿದರೆ ಜಗಳಕ್ಕೇ ನಿಲ್ತಿತ್ತು. ತನ್ನದು ಅನ್ನೋ ಆ ಜಗಳ ನೋಡಿದ ಮೇಲೆ ನಾನು ಯಾವ ಮಗುವಿನ ಚಿತ್ರವನ್ನೂ ಅದರ ಕೈಗೆಟುಕದಷ್ಟು ಮೇಲೆ ಹಾಕಿಲ್ಲ.

ಈಗ ಹಲಗೆ ಮಾಡೋ ಕೆಲಸಕ್ಕೆ ಬರೋಣ. ಪ್ಲೈವುಡ್ಡಿಗೆ ಪಿನ್ನು ಇಳಿಯೋಲ್ಲ. ಮಗು ಎರಡು ಸಲ ಒತ್ತಿ ನೋಡುತ್ತೆ, ಹೆಬ್ಬೆರಳು ನೋಯುತ್ತೆ, ‘ನೀನೇ ಚುಚ್ಚಮ್ಮ’ ಅಂತ ಬಿಟ್ಟು ಹೋಗುತ್ತೆ. ಅಲ್ಲಿಗೆ ಹಲಗೆ ನಿನ್ನದಾಯ್ತು. ಥರ್ಮಾಕೋಲಿಗೆ ಪಿನ್ನು ಸಲೀಸಾಗಿ ಇಳಿಯುತ್ತೆ, ಸಲೀಸಾಗಿ ಬಿಟ್ಟೂ ಬಿಡುತ್ತೆ. ನಾಲ್ಕು ಸಲ ಚುಚ್ಚಿ ಕಿತ್ತರೆ ಬಿಳಿ ಕಾಳು ಮನೆ ತುಂಬ. ಅದಕ್ಕೆ ಚಪ್ಪಲಿ ಅಂಟಿಸೋ ಸೊಲ್ಯೂಷನ್ ಹಚ್ಚಿದೆಯೋ, ಕರಗಿ ಗುಳಿ ಬೀಳುತ್ತೆ. ಪೇಟೆಯಲ್ಲಿ ಸಾಫ್ಟ್ ಬೋರ್ಡ್ ಸಿಗುತ್ತೆ, ಅದು ಒಳ್ಳೇದೇ. ಕೊಳ್ಳೋ ಶಕ್ತಿ ಇದ್ದರೆ ಕೊಳ್ಳು. ನನ್ನ ಕೇಳಿದರೆ, ಫ್ರಿಜ್ಜೋ ವಾಷಿಂಗ್ ಮಷೀನೋ ಬಂದ ರಟ್ಟಿನ ಪೆಟ್ಟಿಗೆ ಅಟ್ಟದ ಮೇಲೆ ಬಿದ್ದಿರುತ್ತಲ್ಲ, ಅದನ್ನ ಇಳಿಸು. ಇಲ್ಲದಿದ್ದರೆ ಚಿತ್ರದುರ್ಗದ ಬಿ.ಡಿ. ರಸ್ತೆಯ ಯಾವ ಅಂಗಡಿಯವರನ್ನ ಕೇಳಿದರೂ ಒಂದು ಕೊಡ್ತಾರೆ.

ನಾಲ್ಕಡಿ ಅಗಲ, ಮೂರಡಿ ಎತ್ತರದ ಎರಡು ತುಂಡು ಕತ್ತರಿಸು. ರಟ್ಟನ್ನ ಅಂಚಿನ ಕಡೆಯಿಂದ ನೋಡು, ಒಳಗೆ ಅಲೆ ಅಲೆಯಾಗಿ ಕಾಗದ ಇರುತ್ತೆ. ಒಂದು ತುಂಡಿನ ಅಲೆ ಉದ್ದಕ್ಕೆ ಓಡಲಿ, ಇನ್ನೊಂದರದ್ದು ಅಡ್ಡಕ್ಕೆ. ಎರಡೂ ಒಂದೇ ದಿಕ್ಕಿಗಿದ್ದರೆ ಹಲಗೆ ಬಾಗಿ ಹೊಟ್ಟೆ ಬಿಡುತ್ತೆ. ಮಡಿಕೆಯ ಗೆರೆ ಇದ್ದರೆ ಒಂದರ ಮೇಲೆ ಒಂದು ಕೂರದ ಹಾಗೆ ನೋಡ್ಕೋ. ಬಿಳಿ ಫೆವಿಕಾಲನ್ನ ತೆಳ್ಳಗೆ ಬಳಿದು ಜೋಡಿಸಿ, ಸಮನಾದ ನೆಲದ ಮೇಲಿಟ್ಟು, ಹಳೇ ಪೇಪರು ಹಾಸಿ, ಮೇಲೆ ರಾಗಿ ಚೀಲ ಹೇರು. ಒಂದು ಇಡೀ ರಾತ್ರಿ ಹಾಗೇ ಇರಲಿ. ನೀನು ಕೆಡಿಸೋದು ಇಲ್ಲೇ, ನನಗೆ ಗೊತ್ತು. ಒಣಗಿತೋ ಇಲ್ಲವೋ ಅಂತ ರಾತ್ರಿ ಹತ್ತು ಗಂಟೆಗೆ ಎದ್ದು ಮೂಲೆ ಎತ್ತಿ ನೋಡ್ತೀಯ. ಎತ್ತಬೇಡ. ಹೋಗಿ ಮಲಗು.

ಹಿಂದೆ ಮೈದಾ ಕುದಿಸಿ ಅಂಟು ಮಾಡ್ತಿದ್ದರು. ಹುಳ, ಜಿರಲೆ ತಿನ್ನದಿರಲಿ ಅಂತ ಅದಕ್ಕೆ ಮೈಲುತುತ್ತ ಬೆರೆಸೋರು. ಮೈಲುತುತ್ತ ವಿಷ. ಮಕ್ಕಳಿರೋ ಮನೆಗೆ ಆ ಅಂಟು ಬೇಡವೇ ಬೇಡ.

ಇನ್ನು ಹೊದಿಕೆ. ಗೋಣಿಗಿಂತ ಒಳ್ಳೇದು ನಾನು ಕಂಡಿಲ್ಲ. ಹೊಳಲ್ಕೆರೆ, ಭೀಮಸಮುದ್ರದ ಕಡೆ ಯಾವ ಅಡಿಕೆ ತೋಟದವರ ಮನೆಗೆ ಹೋದರೂ ಹಳೇ ಗೋಣಿಚೀಲ ಒಂದು ಮೂಲೆಯಲ್ಲಿ ರಾಶಿ ಬಿದ್ದಿರುತ್ತೆ. ಹೊಲಿಗೆ ಬಿಚ್ಚು. ಅಂಗಳದಲ್ಲಿ ಕೊಡವು, ಧೂಳಿಗೆ ಮೂಗು ಮುಚ್ಚಿಕೋ. ನೆನೆಸಿ ಒಗಿ, ಮೊದಲ ನೀರು ಅಡಿಕೆ ಚೊಗರಿನ ಬಣ್ಣಕ್ಕೆ ತಿರುಗುತ್ತೆ, ನೀರು ತಿಳಿಯಾಗೋವರೆಗೂ ಜಾಲಿಸು. ಬಿಸಿಲಿಗೆ ಹಾಕಿ, ಇನ್ನೂ ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಮಾಡು. ಪೂರ್ತಿ ಒಣಗಿದ ಗೋಣಿಯ ಸುಕ್ಕು ಹೋಗೋಲ್ಲ.

ರಟ್ಟಿಗಿಂತ ಸುತ್ತ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು ಗೋಣಿ ಕತ್ತರಿಸು. ಮುಖ ಕೆಳಗೆ ಮಾಡಿ ಹಾಸು, ಮೇಲೆ ರಟ್ಟು ಇಡು. ದಬ್ಬಳಕ್ಕೆ ಹುರಿ ಪೋಣಿಸಿ, ಹಿಂಬದಿಯಲ್ಲಿ ಈ ಅಂಚಿನಿಂದ ಆ ಅಂಚಿಗೆ, ಆ ಅಂಚಿನಿಂದ ಈ ಅಂಚಿಗೆ, ಮಂಚಕ್ಕೆ ನವಾರು ಬಿಗಿದ ಹಾಗೆ ಎಳೆದು ಹೊಲಿ. ಮೂಲೆಯಿಂದ ಶುರು ಮಾಡಬೇಡ. ನಡುವಿನಿಂದ ಹೊರಟು ಎರಡೂ ಕಡೆಗೆ ಹೋಗು, ಮೂಲೆ ಕೊನೆಗೆ. ಮಧ್ಯೆ ಮಧ್ಯೆ ಮಗುಚಿ ನೋಡು: ಗೋಣಿಯ ಎಳೆ ರಟ್ಟಿನ ಅಂಚಿಗೆ ಸಮನಾಗಿ ಓಡ್ತಿದೆಯಾ? ಓರೆಯಾಗಿದ್ದರೆ ಬಿಚ್ಚಿ ಮತ್ತೆ ಎಳಿ. ಈ ಓರೆ ಈಗ ನಿನಗೆ ಸಣ್ಣದಾಗಿ ಕಾಣುತ್ತೆ, ಗೋಡೆಗೇರಿದ ಮೇಲೆ ದಿನಾ ಕಣ್ಣು ಚುಚ್ಚುತ್ತೆ.

ಗೋಣಿ ಯಾಕೆ ಅಂದರೆ, ಪಿನ್ನು ಕಿತ್ತ ಮೇಲೆ ಎಳೆ ಮತ್ತೆ ಕೂಡಿಕೊಂಡು ತೂತು ಕಾಣೋದೇ ಇಲ್ಲ. ಮಣ್ಣಿನ ಬಣ್ಣದ ಮೇಲೆ ಯಾವ ಬಣ್ಣದ ಚಿತ್ರ ಹಾಕಿದರೂ ಎದ್ದು ಕಾಣುತ್ತೆ. ಮಿರಮಿರ ಮಿಂಚೋ ಸ್ಯಾಟಿನ್ ಬಟ್ಟೆ, ಜರಿ ಅಂಚು, ಸುತ್ತ ಪ್ಲಾಸ್ಟಿಕ್ ಹೂವಿನ ಸರ ಎಲ್ಲ ಬೇಡ. ಮಗು ಮಾಸಲು ಪೆನ್ಸಿಲಲ್ಲಿ ಬರೆದ ಇರುವೆ ಆ ಜರಿಯ ಮುಂದೆ ಕಾಣೋದಾದರೂ ಹೇಗೆ? ಮನೆಯಲ್ಲಿ ಚಳ್ಳಕೆರೆ ಕಡೆಯ ಹಳೇ ಕರಿಕಂಬಳಿ ಇದ್ದರೆ ಅದೂ ಆಗುತ್ತೆ, ನುಸಿ ಹಿಡಿಯದ ಹಾಗೆ ಆಗಾಗ ಬಿಸಿಲಿಗೆ ಹಾಕಬೇಕು ಅಷ್ಟೇ.

ಗೋಡೆಗೆ ಒತ್ತಿ ಹಾಕಬೇಡ. ನಮ್ಮ ಕಡೆ ಗೆದ್ದಲಿನ ಕಾಟ ನಿನಗೂ ಗೊತ್ತಲ್ಲ. ರಟ್ಟು ಅದಕ್ಕೆ ಹಬ್ಬದೂಟ. ಹಳೇ ಹವಾಯಿ ಚಪ್ಪಲಿ ಕತ್ತರಿಸಿ ಹಿಂದೆ ನಾಲ್ಕು ಮೂಲೆಗೆ ಒಂದೊಂದು ತುಂಡು ಅಂಟಿಸು. ಗೋಡೆಗೂ ಹಲಗೆಗೂ ನಡುವೆ ಸಂದು ಉಳಿಯುತ್ತೆ, ತೇವ ತಾಗೋಲ್ಲ, ಗೆದ್ದಲು ಮಣ್ಣು ಮೆತ್ತಿದರೆ ತಕ್ಷಣ ಕಾಣುತ್ತೆ. ಬಾಡಿಗೆ ಮನೆ, ಮೊಳೆ ಹೊಡೆಯೋಕೆ ಓನರ್ ಬಿಡೋಲ್ಲ ಅಂತೀಯಾ? ಗಿಡ್ಡ ಬೆಂಚಿನ ಮೇಲಿಟ್ಟು ಗೋಡೆಗೆ ಒರಗಿಸು, ಬೀಳದ ಹಾಗೆ ಮೇಲೆ ಹಗ್ಗ ಹಾಕಿ ಗೂಟಕ್ಕೋ ಕಿಟಕಿ ಕಂಬಿಗೋ ಬಿಗಿ. ಹಗ್ಗಕ್ಕೆ ಹೊಸದುರ್ಗದ ತೆಂಗಿನ ನಾರಿದೆ. ಬೆಂಚಿದ್ದರೆ ಎತ್ತರವೂ ಹೇಳಿ ಮಾಡಿಸಿದ ಹಾಗೆ ಬರುತ್ತೆ.

ಬಿಸಿಲು ನೇರ ಬೀಳೋ ಗೋಡೆ ಬೇಡ, ಸ್ಕೆಚ್ ಪೆನ್ನಿನ ಬಣ್ಣ ಬೇಗ ಮಾಸುತ್ತೆ. ಇನ್ನು ಗಾಳಿ. ದುರ್ಗದ ಸುತ್ತ ಗುಡ್ಡದ ಮೇಲೆಲ್ಲ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿದ್ದಾರಾ? ಆಷಾಢದಲ್ಲಿ ಬಾಗಿಲು ತೆಗೆದರೆ ಸಾಕು, ಮೇಲೆ ಎರಡೇ ಪಿನ್ನು ಚುಚ್ಚಿದ ಹಾಳೆ ಪಟಪಟ ಹೊಡೆದುಕೊಂಡು ಹರಿದೇ ಹೋಗುತ್ತೆ. ಕೆಳಗಿನ ಮೂಲೆಗೂ ಚುಚ್ಚು. ಮನೆಯಲ್ಲಿ ಅಂಬೆಗಾಲಿಡೋ ಕೂಸಿದ್ದರೆ ಪಿನ್ನೇ ಬೇಡ, ಸಿಕ್ಕಿದ್ದೆಲ್ಲ ಬಾಯಿಗೆ ಹೋಗೋ ವಯಸ್ಸು ಅದು. ಹಲಗೆಗೆ ಅಡ್ಡಲಾಗಿ ಹುರಿ ಬಿಗಿದು ಬಟ್ಟೆ ಕ್ಲಿಪ್ಪು ಹಾಕು. ಸೆಲ್ಲೋ ಟೇಪು ಯಾವತ್ತೂ ಬೇಡ. ಕೀಳುವಾಗ ಚಿತ್ರದ ಮೂಲೆಯನ್ನೇ ಕಿತ್ತುಕೊಂಡು ಬರುತ್ತೆ.

ಇಷ್ಟು ಕೈಗೆಲಸ. ಇದನ್ನ ನೀನು ಮಾಡಿಬಿಡ್ತೀಯ, ನನಗೆ ಅನುಮಾನವಿಲ್ಲ. ನನಗಿರೋ ಹೆದರಿಕೆ ಹಲಗೆ ಆದಮೇಲಿನದು.

ಏನು ಹಾಕಬೇಕು ಅಂತ ಯಾರು ಹೇಳ್ತಾರೆ? ನೀನಲ್ಲ. ನಿನಗೆ ಅಂದವಾಗಿ ಬಣ್ಣ ತುಂಬಿದ ಗಿಳಿ ಇಷ್ಟ. ಮಗು ಯಾವುದೋ ಗೀಚು ತಂದು ಇದೇ ಇರಲಿ ಅನ್ನುತ್ತೆ. ಇರಲಿ ಬಿಡು. ನಮ್ಮ ಓಣಿಯಲ್ಲಿ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಕೋಟೆಗೆ ಪ್ರವಾಸ ಹೋಗಿ ಬಂದು ಓಬವ್ವನ ಚಿತ್ರ ಬರೆದಳು. ಓಬವ್ವ ಹಾಳೆ ತುಂಬ ನಿಂತಿದ್ದಾಳೆ. ಒನಕೆ ಕೋಟೆ ಗೋಡೆಗಿಂತ ಉದ್ದ, ಹಾಳೆಯ ಅಂಚು ದಾಟಿ ಹೋಗಿದೆ. ಹೈದರಾಲಿಯ ಸಿಪಾಯಿಗಳು ಕಿಂಡಿಯಲ್ಲಿ ಕಡ್ಡಿ ಕಡ್ಡಿ. ಕೆಳಗೆ ಮೂಲೆಯಲ್ಲಿ ಒಂದು ಕೊಡ, ಪಕ್ಕದಲ್ಲಿ ಊಟಕ್ಕೆ ಕೂತ ಗಂಡ, ಅವನ ತಟ್ಟೆಯಲ್ಲಿ ಕಂದು ಬಣ್ಣದ ಮುದ್ದೆ. ಗಂಡ ಊಟಕ್ಕೆ ಕೂತಿದ್ದಾಗ ನೀರು ತರೋಕೆ ಹೋದಳು ಅನ್ನೋದನ್ನ ಆ ಕೂಸು ಮರೆತಿಲ್ಲ ನೋಡು. ಅವರಪ್ಪ ಬಂದು ನೋಡಿ, ‘ಒನಕೆ ಎಲ್ಲಾದರೂ ಕೋಟೆಗಿಂತ ಉದ್ದ ಇರುತ್ತೇನೇ?’ ಅಂದ. ಒಳ್ಳೇ ಮನುಷ್ಯನೇ, ಕಲಿಸಬೇಕು ಅನ್ನೋ ಆಸೆ ಅಷ್ಟೇ. ಹುಡುಗಿ ರಬ್ಬರ್ ತಗೊಂಡು ಒನಕೆ ಉಜ್ಜಿದಳು, ಹಾಳೆ ಹರಿಯಿತು. ಆಮೇಲೆ ಬರೆದದ್ದು ಸ್ಕೇಲಿಟ್ಟು ಗೆರೆ ಎಳೆದ ಒಂದು ಬಾವುಟ.

ಮಕ್ಕಳು ಮನಸ್ಸಿಗೆ ದೊಡ್ಡದಾದದ್ದನ್ನ ದೊಡ್ಡದಾಗೇ ಬರೀತಾರೆ. ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ, ಅಂದರೆ ನಮ್ಮ ಮಾರಿಕಣಿವೆ, 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಆಗ ಹಿರಿಯೂರಿನ ನಮ್ಮ ನೆಂಟರ ಹುಡುಗ ಬರೆದ ಮಾರಿಕಣಿವೆಯಲ್ಲಿ ಕಟ್ಟೆ ಕೆಳಗೆಲ್ಲೋ ಒಂದು ಗೆರೆ, ಉಳಿದ ಹಾಳೆಯೆಲ್ಲ ನೀಲಿ. ಅಜ್ಜಂದಿರೂ ಅಪ್ಪಂದಿರೂ ನಿಂತು ಬಾಯಿ ಬಿಟ್ಟುಕೊಂಡು ನೋಡಿದ ನೀರು ಅದು. ಆ ನೀಲಿಯನ್ನ ಯಾರು ತಿದ್ದಬೇಕು?

ಚಿತ್ರ ತಂದಾಗ ‘ಇದೇನಿದು?’ ಅನ್ನಬೇಡ. ಬರೆದವರಿಗೆ ಅದು ಚುಚ್ಚುತ್ತೆ. ಎಲ್ಲಕ್ಕೂ ‘ಸೂಪರ್’ ಅಂತಲೂ ಅನ್ನಬೇಡ, ನೀನು ಮೊಬೈಲಿನಿಂದ ಕಣ್ಣೆತ್ತದೆ ಅಂದದ್ದು ಅಂತ ಮಗುವಿಗೆ ಚೆನ್ನಾಗಿ ಗೊತ್ತಿರುತ್ತೆ. ‘ಇದರ ಕಥೆ ಹೇಳು’ ಅನ್ನು. ಹೇಳಿದ್ದನ್ನ ಹಾಳೆಯ ಹಿಂದೆ ಅದರ ಮಾತಿನಲ್ಲೇ ಬರಿ, ತಾರೀಕು ಹಾಕು. ಚಿತ್ರಕ್ಕಿಂತ ಆ ಎರಡು ಸಾಲು ಮುಂದೆ ನಿನ್ನನ್ನ ಹೆಚ್ಚು ನಗಿಸುತ್ತೆ, ಹೆಚ್ಚು ಅಳಿಸುತ್ತೆ. ಮತ್ತೆ, ಬಣ್ಣ ಒಣಗೋ ಮುಂಚೆ ಫೋಟೋ ಹೊಡೆದು ಸ್ಟೇಟಸ್ಸಿಗೆ ಏರಿಸೋ ನಿನ್ನ ಚಾಳಿ ಇದೆಯಲ್ಲ, ಅದನ್ನ ಸ್ವಲ್ಪ ತಡೆ. ಮಗುವನ್ನ ಒಂದು ಮಾತು ಕೇಳಿ ಹಾಕು.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡ. ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟರು ಅಂತ ರಾತ್ರಿ ಕೂತು ನೀನೇ ಬರೆದು, ಅಂಗಡಿಯಿಂದ ಅಚ್ಚಿನ ಚಿತ್ರ ತಂದು ಅಂಟಿಸಿ, ಕೆಳಗೆ ಮಗುವಿನ ಹೆಸರು ಹಾಕ್ತೀಯಲ್ಲ, ಆ ಚಾರ್ಟು ಈ ಹಲಗೆಗೆ ಬರಕೂಡದು. ಅದು ನಿನ್ನ ಚಿತ್ರ. ಅದರ ಪಕ್ಕದಲ್ಲಿ ತನ್ನದನ್ನ ಇಟ್ಟು ನೋಡಿದ ಮಗು ತನಗೆ ಬರೋಲ್ಲ ಅಂತಲೇ ತಿಳಿಯುತ್ತೆ. ಮಕ್ಕಳು ತಾವೇ ಮಾಡಿದ ಡೊಂಕು ಚಾರ್ಟನ್ನ ಬೇಡ ಅಂದ ಟೀಚರನ್ನ ನಾನು ನೋಡಿದ್ದು ಕಡಿಮೆ. ಅಪ್ಪ ಅಮ್ಮಂದಿರೇ ನಾಚಿಕೊಳ್ಳೋದು.

ವಾರಕ್ಕೊಂದು ‘ಬೆಸ್ಟ್ ಡ್ರಾಯಿಂಗ್’ ಆರಿಸಿ ಸ್ಟಾರ್ ಅಂಟಿಸೋ ಯೋಚನೆಯೂ ನಿನ್ನ ತಲೆಯಲ್ಲಿದೆ ಅಂತ ಕೇಳಿದೆ. ಬೇಡ. ಪ್ರತಿಭಾ ಕಾರಂಜಿಗೆ ಹೋಗಲಿ, ಅಲ್ಲಿ ಗೆಲ್ಲಲಿ, ಸೋಲಲಿ. ಮನೆಯ ಹಲಗೆ ಅದಕ್ಕಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮಾರ್ಕ್ ಲೆಪ್ಪರ್ ಮತ್ತು ಜೊತೆಯವರು ಇದನ್ನೇ ಪರೀಕ್ಷೆ ಮಾಡಿ 1973ರಲ್ಲಿ ಪ್ರಕಟಿಸಿದರು. ಚಿತ್ರ ಬರೆಯೋದು ಅಂದರೆ ಇಷ್ಟಪಡೋ ಮಕ್ಕಳನ್ನೇ ಆರಿಸಿ, ಕೆಲವರಿಗೆ ಮಾತ್ರ ಬರೆದರೆ ಸರ್ಟಿಫಿಕೇಟು ಕೊಡ್ತೀವಿ ಅಂತ ಮೊದಲೇ ಹೇಳಿ, ಬರೆದ ಮೇಲೆ ಕೊಟ್ಟರು. ಕೆಲವು ದಿನ ಕಳೆದು ನೋಡಿದರೆ, ಬಿಡುವಿನ ಹೊತ್ತಲ್ಲಿ ಆ ಮಕ್ಕಳು ಬರೆಯೋದು ಉಳಿದವರಿಗಿಂತ ಸುಮಾರು ಅರ್ಧಕ್ಕೆ ಇಳಿದಿತ್ತು. ನನಗೆ ಇದು ಹೊಸದಾಗಿ ಕಾಣಲಿಲ್ಲ. ಪೆನ್ಸಿಲ್ ಬಹುಮಾನ ಇಟ್ಟ ದಿನ ಮಕ್ಕಳು ಬೇಗ ಬೇಗ ಬರೆದು ತಂದು ಕೈ ಚಾಚೋರು. ಬಹುಮಾನ ಇಲ್ಲದ ದಿನ ಗಂಟೆ ಹೊಡೆದರೂ ಏಳ್ತಿರಲಿಲ್ಲ.

ನಾಲ್ಕಡಿ ಮೂರಡಿ ಹಲಗೆಗೆ ಸಾಧಾರಣ ಹಾಳೆ ಬೇಕಾದಷ್ಟು ಹಿಡಿಸುತ್ತೆ. ಆರೇ ಹಾಕು, ಕಣ್ಣಿಗೆ ಉಸಿರಾಡೋಕೆ ಜಾಗ ಬೇಕು. ಇಬ್ಬರು ಮಕ್ಕಳಿದ್ದರೆ ನಡುವೆ ಒಂದು ಹುರಿ ಎಳೆದು ಅರ್ಧರ್ಧ ಮಾಡು. ದೊಡ್ಡವಳು ಚೆನ್ನಾಗಿ ಬರೀತಾಳೆ ಅಂತ ಅವಳಿಗೆ ಒಂದಂಗುಲವೂ ಹೆಚ್ಚಬಾರದು. ಚಿಕ್ಕವನ ಗೀಚಿಗೂ ಅಷ್ಟೇ ಜಾಗ. ‘ಅಕ್ಕನ್ನ ನೋಡಿ ಕಲಿ’ ಅನ್ನೋ ಮಾತು ಆ ಹಲಗೆ ಮುಂದೆ ಆಡಬೇಡ.

ಹಾಕಿದ್ದನ್ನ ತೆಗೆಯೋದನ್ನೂ ಕಲಿ. ವರ್ಷಗಟ್ಟಲೆ ಅದೇ ಗಣಪ, ಅದೇ ಬಾವುಟ ನೇತಾಡ್ತಿದ್ದರೆ ಹಲಗೆ ಗೋಡೆಯ ಒಂದು ಭಾಗ ಆಗಿಬಿಡುತ್ತೆ, ಯಾರೂ ನೋಡೋಲ್ಲ. ಹದಿನೈದು ದಿನಕ್ಕೊಮ್ಮೆ ಮಗುವಿನ ಕೈಯಿಂದಲೇ ತೆಗೆಸು, ಮಗುವಿನ ಕೈಯಿಂದಲೇ ಹೊಸದು ಹಾಕಿಸು. ಓರೆಯಾಗಿ ಹಾಕಿದರೆ ಓರೆಯಾಗೇ ಇರಲಿ. ಅದು ಶಾಲೆಗೆ ಹೋದ ಮೇಲೆ ನೀನು ಹಿಂದಿನಿಂದ ಹೋಗಿ ಸರಿ ಮಾಡಬೇಡ. ಸಂಜೆ ಬಂದು ನೋಡಿದ ತಕ್ಷಣ ಅದಕ್ಕೆ ಗೊತ್ತಾಗುತ್ತೆ.

ತೆಗೆದದ್ದನ್ನೆಲ್ಲ ಕಾಪಿಡೋಕೆ ಆಗೋಲ್ಲ, ಮನೆ ಗೋದಾಮಾಗುತ್ತೆ. ತಿಂಗಳಿಗೆ ಒಂದೋ ಎರಡೋ ಮಗುವೇ ಆರಿಸಲಿ. ನಡುವೆ ಪೇಪರು ಇಟ್ಟು, ಕ್ರೇಯಾನಿನ ಮೇಣ ಒಂದರಿಂದ ಇನ್ನೊಂದಕ್ಕೆ ಹತ್ತದ ಹಾಗೆ, ಟ್ರಂಕಿನಲ್ಲಿ ಮಲಗಿಸು. ಒಣಗಿದ ಬೇವಿನೆಲೆ ಹಾಕು. ಉಳಿದದ್ದು ಜೂನ್ ತಿಂಗಳಲ್ಲಿ ನೋಟ್‌ಬುಕ್ಕಿಗೆ ಬೈಂಡ್ ಹಾಕೋಕೆ ಆಗುತ್ತೆ, ಚಿತ್ರದ ಮುಖ ಹೊರಗೆ ಬರಲಿ. ತನ್ನದೇ ಚಿತ್ರ ಹೊದ್ದ ಕನ್ನಡ ನೋಟ್‌ಬುಕ್ಕನ್ನ ಮಗು ಎಷ್ಟು ಜೋಪಾನ ಮಾಡುತ್ತೆ ನೋಡ್ತಿರು. ಆದರೆ ಕೇಳದೆ ಒಂದು ಹಾಳೆಯನ್ನೂ ರದ್ದಿಗೆ ಹಾಕಬೇಡ, ಒಲೆಗೂ ಹಾಕಬೇಡ.

ಗೋಣಿ ನಿನ್ನ ಹತ್ತಿರ ಇಲ್ಲದಿದ್ದರೆ ನಮ್ಮನೆಗೆ ಬಾ, ಒಗೆದದ್ದು ಎರಡಿದೆ. ದಬ್ಬಳವೂ ಇದೆ. ಬರುವಾಗ ಮಗುವನ್ನೂ ಕರ್ಕೊಂಡು ಬಾ, ಹುರಿಯ ಇನ್ನೊಂದು ತುದಿ ಹಿಡಿಯೋಕೆ ಅದು ಬೇಕಾಗುತ್ತೆ.